ಹೆಳವರ ಪುಸ್ತಕ ತೆರೆದಾಗ

ಸುಗ್ಗಿ ಮುಗಿಯಿತೆಂದರೆ ಹೆಳವರು ಸಿಂಗರಿಸಿದ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಊರಿಗೆ ಬರುತ್ತಿದ್ದರು. ಈಗ ವಾಹನಗಳಲ್ಲೂ ಬರುತ್ತಾರೆ. ಒಕ್ಕಲಿನ ಮನೆಯ ಜಗಲಿಯ ಮೇಲೆ ಕೂತು ಆ ಮನೆತನದ ಕುಲ, ಬೆಡಗು, ಮನೆದೇವರು, ಮೂಲಪುರುಷ ಯಾವ ಊರು ಬಿಟ್ಟು ಬಂದ, ಅವನ ಮಕ್ಕಳು ಎಲ್ಲೆಲ್ಲಿ ನೆಲೆ ನಿಂತರು ಎಂಬುದನ್ನೆಲ್ಲ ರಾಗವಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನು ಪುಸ್ತಕಕ್ಕೆ ಏರಿಸಿ, ದವಸ ಕಾಣಿಕೆ ಪಡೆದು ಮುಂದಿನ ಮನೆಗೆ ಹೊರಡುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಮನೆತನದ ಬೇರು ಹುಡುಕುವವರಿಗೆ ಇಷ್ಟು ಜೀವಂತವಾದ ದಾಖಲೆ ಬೇರೊಂದಿಲ್ಲ.

ಅವರ ಮಾತನ್ನು ಒರೆಗೆ ಹಚ್ಚಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ಇದೆ. ಹಳೆಯ ಪಹಣಿ ಜಮೀನು ಯಾರ ಹೆಸರಲ್ಲಿತ್ತು ಎಂದು ಹೇಳಿದರೆ, ಮ್ಯುಟೇಷನ್ ರಿಜಿಸ್ಟರು ಅದು ಪೌತಿಯಿಂದಲೋ ವಿಭಾಗದಿಂದಲೋ ಯಾರ ಕೈಗೆ ಇಳಿಯಿತೆಂದು ತೋರಿಸುತ್ತದೆ. ಭೂಮಿಯೇ ಇಲ್ಲದವರ ಹೆಸರು ಮಾತ್ರ ಅಲ್ಲಿ ಸಿಗುವುದು ಕಷ್ಟ. ಸಣ್ಣ ಕೊರತೆಯಲ್ಲ ಅದು.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಶಾಸನಗಳೇ ಗತಿ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯದು. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಕಲ್ಲು ಇದ್ದ ಊರಿನ ಹೆಸರನ್ನೂ ಅದು ಕೊಡುತ್ತದೆ. ಹಾಗಾಗಿ ಪುಸ್ತಕ ಹಿಡಿದು ನೇರವಾಗಿ ಆ ಊರಿಗೇ ಹೋಗಿ ವಿಚಾರಿಸಬಹುದು.