ಬಿಡಿ ವಾಕ್ಯದ ಭಕ್ತಿ

ಹೆಚ್ಚು ವಾಕ್ಯ ಬಾಯಿಪಾಠ ಬಂದವರಿಗೆ ಬೈಬಲ್ ಹೆಚ್ಚು ಗೊತ್ತು ಎಂಬ ನಂಬಿಕೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಪ್ರಶ್ನೆಯಿಲ್ಲದೆ ನಡೆದುಬಂದಿದೆ. ಸಂಡೇ ಸ್ಕೂಲಿನ ಮಗು ಕೈಕಟ್ಟಿ ನಿಂತು, ಅಧ್ಯಾಯ, ವಚನದ ಸಂಖ್ಯೆ ಸಮೇತ ಒಂದೇ ಉಸಿರಿನಲ್ಲಿ ಒಪ್ಪಿಸಿದರೆ ಬಹುಮಾನ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ದೊಡ್ಡವರೂ ಸಾಲಾಗಿ ಬಂದು ಬೈಬಲಿನ ವಾಕ್ಯ ಬರೆದ ವಾಗ್ದಾನದ ಒಂದೊಂದು ಚೀಟಿ ಎತ್ತಿಕೊಳ್ಳುತ್ತಾರೆ. ವರ್ಷವಿಡೀ ಅದೇ ಅವರ ಪಾಲಿನ ವಾಕ್ಯ. ವಾಕ್ಯವನ್ನು ನೆನಪಿಟ್ಟು ಬದುಕಿಗೆ ಅನ್ವಯಿಸಿಕೊಳ್ಳುವುದೆಂದರೆ ಇದೇ ಎನ್ನುತ್ತೇವೆ. ನನಗೆ ಇದು ಬೈಬಲನ್ನು ಮರೆಯುವ ದಾರಿಯಾಗಿ ಕಾಣುತ್ತದೆ.

ಚೀಟಿಗಳಲ್ಲಿ ಮತ್ತೆ ಮತ್ತೆ ಸಿಗುವ ಯೆರೆಮೀಯ 29:11ನ್ನೇ ನೋಡಿ. ದೇವರು ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದಾನೆಂದು ಹೇಳುವ ಮಾತು ಅದು. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಪತ್ರದಲ್ಲಿ ಅದು ಬರುತ್ತದೆ. ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕೆಂದಿದೆ. ಅಂದರೆ ಪತ್ರ ಕೇಳಿದವರಲ್ಲಿ ಬಹುಪಾಲು ಜನ ಊರಿಗೆ ಮರಳುವವರಲ್ಲ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣಕ್ಕಾಗಿಯೂ ಪ್ರಾರ್ಥಿಸಿ ಎಂಬ ಕಷ್ಟದ ಮಾತೂ ಅದೇ ಪತ್ರದಲ್ಲಿದೆ. ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ. ಹೀಗೆ ಕಿತ್ತ ವಾಕ್ಯ ತೋಳಿಗೆ ಕಟ್ಟಿಕೊಂಡ ತಾಯಿತವಾಗುತ್ತದೆ.

ವಾಕ್ಯ ಕಿತ್ತು ಒಪ್ಪಿಸುವುದು ಸೈತಾನನಿಗೂ ಬರುತ್ತದೆ. ಮತ್ತಾಯ 4ನೆಯ ಅಧ್ಯಾಯದಲ್ಲಿ ದೇವಾಲಯದ ಶಿಖರದ ಮೇಲೆ ಯೇಸುವಿಗೆ 91ನೆಯ ಕೀರ್ತನೆ ಒಪ್ಪಿಸಿದವನು ಸೈತಾನ. ಯೇಸುವೂ ವಾಕ್ಯದಿಂದಲೇ ಉತ್ತರಿಸಲಿಲ್ಲವೇ ಎನ್ನಬಹುದು. ಹೌದು. ಆದರೆ ಆ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳವು; ಅರಣ್ಯದಲ್ಲಿ ನಲವತ್ತು ವರ್ಷ ಅಲೆದವರಿಗೆ ಹಸಿವು ಏನು ಕಲಿಸಿತೆಂದು ಹೇಳುವ ಭಾಗ. ನಲವತ್ತು ದಿನ ಉಪವಾಸವಿದ್ದವನು ಆ ಇಡೀ ಕಥೆಯೊಳಗೆ ನಿಂತು ಮಾತಾಡಿದ.

ಕೂಲಿನಾಲಿ ಮಾಡುವ ಜನಕ್ಕೆ ಇಡೀ ಅಧ್ಯಾಯ ನೆನಪಿಡಲು ಪುರುಸೊತ್ತೆಲ್ಲಿ ಎಂಬ ಮಾತನ್ನು ಚಾಮರಾಜನಗರದ ನೆಲದಲ್ಲಿ ನಿಂತು ಆಡಬಾರದು. ಕಂಸಾಳೆ ಹಿಡಿದ ದೇವರ ಗುಡ್ಡರು ಮಾದಪ್ಪನ ಕಥೆಯನ್ನು, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುವ ಸೀಮೆ ಇದು. ಪುಸ್ತಕ ನೋಡದೆ ಸಾಲಿನ ಮೇಲೆ ಸಾಲು ಹಾಡುತ್ತಾರೆ. ಮಾದಪ್ಪನ ಕಥೆಯ ಭಾಗವಾದ ಸಂಕಮ್ಮನ ಸಾಲಿನಿಂದ ಒಂದೇ ಪಂಕ್ತಿ ಕಿತ್ತು, ನಂಬರು ಹಾಕಿ ಮನೆಗೊಯ್ಯುವವರು ಯಾರೂ ಇಲ್ಲ. ಗಂಡ ನೀಲೇಗೌಡ ಕೊಟ್ಟ ಕಾಟ ಗೊತ್ತಿದ್ದರೆ ತಾನೆ ಮಾದಪ್ಪ ಅವಳಿಗೆ ಆಸರೆಯಾದದ್ದರ ಬೆಲೆ ತಿಳಿಯುವುದು? ಈ ನೆನಪಿನ ಶಕ್ತಿ ನಮ್ಮ ಸುತ್ತ ಇರುವಾಗ ನಾವು ಚೀಟಿಗೆ ತೃಪ್ತರಾಗಿದ್ದೇವೆ. ಬೈಬಲಿನಲ್ಲಿರುವ ಪೌಲನ ಹೆಚ್ಚಿನ ಪತ್ರಗಳೂ ಸಭೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಲೆಂದೇ ಬರೆದವು.

ಬದುಕಿಗೆ ಅನ್ವಯಿಸುವುದು ಹೇಗೆಂದು ಬೈಬಲೇ ತೋರಿಸಿದೆ, ರೂತಳ ಪುಸ್ತಕದಲ್ಲಿ. ಕೊಯ್ಲಿನಲ್ಲಿ ಉದುರಿದ್ದನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕೆಂಬುದು ಯಾಜಕಕಾಂಡದ ಕಟ್ಟಳೆ. ಹೊಲದ ಒಡೆಯ ಬೋವಜ ಅದನ್ನು ಎಲ್ಲಿಯೂ ಉದ್ಧರಿಸುವುದಿಲ್ಲ. ಮೋವಾಬಿನಿಂದ ಬಂದ ವಿಧವೆ ರೂತಳು ಹಕ್ಕಲು ಆಯುತ್ತಿರುವುದನ್ನು ಕಂಡು, ಸಿವುಡಿನಿಂದಲೇ ಒಂದಿಷ್ಟು ತೆನೆ ಬೇಕೆಂದೇ ಎಳೆದು ಬೀಳಿಸಿ, ಅವಳನ್ನು ಗದರಿಸಬೇಡಿ ಎಂದು ಆಳುಗಳಿಗೆ ಹೇಳುತ್ತಾನೆ. ಕಟ್ಟಳೆ ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟ.

ಹಕ್ಕಲು ಆಯುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಗುಂಡ್ಲುಪೇಟೆಯ ಹೊಲಗಳಲ್ಲಿ ಮಳೆಗಾಲಕ್ಕೆ ಚೆಂಡುಹೂ ಅರಳುತ್ತದೆ. ರೂತಳಂತೆಯೇ ಬಗ್ಗಿದ ಬೆನ್ನು ಎತ್ತದೆ ಅದನ್ನು ಬಿಡಿಸುವವರು ಹೆಚ್ಚಾಗಿ ಹೆಂಗಸರು. ಅವರ ಕೂಲಿಯ ಬಗ್ಗೆಯೂ ವಾಕ್ಯವಿದೆ. ಬಡ ಕೂಲಿಯವನ ಹಣವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆನ್ನುತ್ತದೆ ಧರ್ಮೋಪದೇಶಕಾಂಡ 24:15. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎನ್ನುತ್ತಾನೆ ತನ್ನ ಪತ್ರದಲ್ಲಿ ಯಾಕೋಬ. ಈ ವಾಕ್ಯ ಬಂದ ವಾಗ್ದಾನದ ಚೀಟಿಯನ್ನು ನಾನಂತೂ ಕಂಡಿಲ್ಲ. ಸಿಗುವುದೂ ಇಲ್ಲ, ಅದು ಪಡೆಯುವುದರ ಮಾತಲ್ಲ, ಕೊಡುವುದರ ಮಾತು. ಬಿಡಿ ವಾಕ್ಯದ ಭಕ್ತಿಯಲ್ಲಿ ನನಗೆ ಕಾಣುವ ದೊಡ್ಡ ದೋಷ ಇದು. ಬೈಬಲಿನ ಪ್ರತಿ ಮಾತೂ ನನ್ನ ಮೇಲಿನ ಆಶೀರ್ವಾದ ಎಂದುಕೊಂಡರೆ, ನನ್ನಿಂದ ಬಾಕಿ ಕೇಳುವ ಮಾತು ಕಿವಿಗೆ ಬೀಳುವುದೇ ಇಲ್ಲ.

ಆಸ್ಪತ್ರೆಯ ಮಂಚದಲ್ಲಿ ನಿದ್ದೆ ಬಾರದ ರಾತ್ರಿ ಒಂದು ವಾಕ್ಯವೇ ಆಸರೆಯಾದವರಿದ್ದಾರೆ. ಅವರಿಂದ ಅದನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಆ ವಾಕ್ಯದ ಹಿಂದೆ ಮುಂದೆ ಇರುವುದೂ ಅವರ ಜೊತೆಗಿದ್ದರೆ ಆಸರೆ ಇನ್ನೂ ಗಟ್ಟಿ.

ಪಾಸ್ಟರುಗಳಲ್ಲೂ ಫಾದರುಗಳಲ್ಲೂ ನನ್ನದೊಂದು ಕೋರಿಕೆ. ಸುಗ್ಗಿಯ ಆರಾಧನೆಯ ದಿನ ಬಿಡಿ ವಾಕ್ಯ ಆರಿಸಬೇಡಿ. ರೂತಳ ಪುಸ್ತಕ ನಾಲ್ಕೇ ಅಧ್ಯಾಯ, ಪೂರ್ತಿ ಓದಿ. ಹೊಲದ ಒಡೆಯರೂ ಆ ಹೊಲದಲ್ಲಿ ದುಡಿದವರೂ ಒಟ್ಟಿಗೆ ಕೂತು ಕೇಳಲಿ.