ಲ್ಯಾನ್ಸ್ ಯಾಕೆ ಹೊಡೀಲಿಲ್ಲ?

ಪೊಕೆಮಾನ್ ರೆಡ್, ಬ್ಲೂ ಆಡಿದವರಿಗೆ ಲ್ಯಾನ್ಸ್ ಯಾರು ಅಂತ ಹೇಳಬೇಕಿಲ್ಲ. ಆಡದವರಿಗಾಗಿ ಒಂದು ಮಾತು: ಆಟದ ಕೊನೆಗೆ ಸಿಗುವ ನಾಲ್ವರು ಘಟಾನುಘಟಿಗಳಲ್ಲಿ ಇವನು ಕೊನೆಯವನು. ಇವನ ಹತ್ರ 62ನೇ ಲೆವೆಲ್‌ನ ಡ್ರಾಗನೈಟ್ ಇದೆ.

ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ, ಇಂಟರ್ನಲ್ಸ್ ಹಿಂದಿನ ರಾತ್ರಿ, ರೂಮ್‌ಮೇಟ್ ಕಂಪ್ಯೂಟರಿನಲ್ಲಿ ನಾನು ಅವನೆದುರು ನಿಂತಾಗ ಉಳಿದಿದ್ದು ಸುಸ್ತಾದ ಒಂದು ವೀನಸಾರ್ ಮಾತ್ರ. ಮುಗೀತು ಅಂದ್ಕೊಂಡೆ. ಆದರೆ ಡ್ರಾಗನೈಟ್ ಹೊಡೀಲೇ ಇಲ್ಲ. ಅಜಿಲಿಟಿ ಅಂತ ವೇಗ ಹೆಚ್ಚಿಸಿಕೊಳ್ತು. ಬ್ಯಾರಿಯರ್ ಅಂತ ರಕ್ಷಣೆ ಹೆಚ್ಚಿಸಿಕೊಳ್ತು. ಮತ್ತೆ ಅಜಿಲಿಟಿ. ಇನ್ನು ಏರಲು ಜಾಗವೇ ಇಲ್ಲ ಅಂದಮೇಲೂ ಅದನ್ನೇ ಮಾಡ್ತಾ ಹೋಯ್ತು. ನಾನು ಟಾಕ್ಸಿಕ್ ಹಾಕಿ ಕೂತೆ. ವಿಷ ಏರಿ ಏರಿ ಡ್ರಾಗನೈಟ್ ತಾನಾಗೇ ಬಿತ್ತು. ಕುಸ್ತಿ ಅಖಾಡದಲ್ಲಿ ಪೈಲ್ವಾನನೊಬ್ಬ ತೊಡೆ ತಟ್ಟುತ್ತಲೇ ಇದ್ದು, ಕೊನೆಗೆ ಸುಸ್ತಾಗಿ ಕುಸಿದಂತೆ.

ಆಗ ಅದೃಷ್ಟ ಅಂದ್ಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಆ ಆಟದ ಕೋಡನ್ನು ಬಿಡಿಸಿ ನೋಡಿದವರ ಬರಹ ಓದಿದಾಗ ಗೊತ್ತಾಯ್ತು, ಅದು ಅದೃಷ್ಟ ಅಲ್ಲ, ಬಗ್.

1996ರಲ್ಲಿ ಜಪಾನಿನ ಗೇಮ್ ಫ್ರೀಕ್ ಮಾಡಿದ ಈ ಆಟದಲ್ಲಿ ಎದುರಾಳಿ ಯೋಚಿಸೋ ಕ್ರಮ ತುಂಬಾ ಸರಳ. ಪ್ರತಿ ಪೊಕೆಮಾನ್‌ಗೆ ಹೆಚ್ಚೆಂದರೆ 4 ಪಟ್ಟು. ಪ್ರತಿ ಪಟ್ಟಿಗೂ ಮೊದಲು 10 ಅಂಕ. ಇಲ್ಲಿ ಕಡಿಮೆ ಅಂಕ ಇದ್ದಷ್ಟೂ ಒಳ್ಳೇದು. ಆಮೇಲೆ ನಿಯಮಗಳು ಬರ್ತವೆ. ಒಂದು: ಎದುರಿಗಿರೋದಕ್ಕೆ ಆಗಲೇ ನಿದ್ದೆಯೋ ವಿಷವೋ ತಗುಲಿದ್ದರೆ, ಮತ್ತೆ ಅಂಥದ್ದನ್ನೇ ತಗುಲಿಸೋ ಪಟ್ಟಿಗೆ 5 ಅಂಕ ಕೂಡಿಸು. ಇನ್ನೊಂದು: ಪಟ್ಟಿನ ಟೈಪ್ ಎದುರಾಳಿಯ ಟೈಪ್‌ಗೆ ಮಾರಕವಾಗಿದ್ದರೆ 1 ಅಂಕ ಕಳೆ. ಕೊನೆಗೆ ಅತಿ ಕಡಿಮೆ ಅಂಕದವುಗಳಲ್ಲಿ ಯಾವುದಾದರೂ ಒಂದನ್ನು ಆರಿಸು. ಅಷ್ಟೇ.

ಟೈಪ್ ಅಂದರೆ ಪಟ್ಟಿನ ಜಾತಿ ಅನ್ನಿ. ಬೆಂಕಿ, ನೀರು, ವಿಷ, ಸೈಕಿಕ್ ಹೀಗೆ. ಸೈಕಿಕ್ ಅಂದ್ರೆ ವಿಷದ ಟೈಪ್‌ಗೆ ಆಗಿಬರಲ್ಲ. ವೀನಸಾರ್‌ನಲ್ಲಿ ವಿಷದ ಅಂಶ ಇದೆ. ಡ್ರಾಗನೈಟ್‌ನ ನಾಲ್ಕು ಪಟ್ಟುಗಳಲ್ಲಿ ಅಜಿಲಿಟಿ, ಬ್ಯಾರಿಯರ್ ಎರಡೂ ಸೈಕಿಕ್. ಎರಡಕ್ಕೂ 9 ಅಂಕ. ನಿಜವಾಗಿ ಏಟು ಕೊಡೋ ಸ್ಲ್ಯಾಮ್, ಹೈಪರ್ ಬೀಮ್‌ಗಳಿಗೆ 10. ಹಾಗಾಗಿ ಲ್ಯಾನ್ಸ್‌ನ ಲೆಕ್ಕದಲ್ಲಿ ಅವು ಯಾವತ್ತೂ ಬರಲ್ಲ. ಅಜಿಲಿಟಿಯಿಂದ ಯಾರಿಗೂ ಗಾಯ ಆಗಲ್ಲ ಅನ್ನೋದು ಅವನಿಗೆ ಗೊತ್ತಿಲ್ಲ. ಅವನ ನಿಯಮ ಪಟ್ಟಿನ ಜಾತಿ ಕೇಳಿತು, ಕೆಲಸ ಕೇಳಲಿಲ್ಲ.

2014ರಲ್ಲಿ ಟ್ವಿಚ್‌ನಲ್ಲಿ ಸಾವಿರಾರು ಜನ ಒಟ್ಟಿಗೇ ಒಂದೇ ಆಟಕ್ಕೆ ಕಮಾಂಡ್ ಟೈಪ್ ಮಾಡ್ತಾ ಈ ಪೊಕೆಮಾನ್ ರೆಡ್ಡನ್ನು 16 ದಿನದಲ್ಲಿ ಮುಗಿಸಿದ್ರು. ಆ ಗದ್ದಲದಲ್ಲೂ ವೆನೊಮಾತ್ ಅನ್ನೋ ಪತಂಗ ಲ್ಯಾನ್ಸ್‌ನ ಡ್ರಾಗನೈಟನ್ನು ಕೆಡವಿತ್ತು. ಕಾರಣ ಇದೇ. ಪತಂಗದಲ್ಲೂ ವಿಷದ ಅಂಶ ಇತ್ತು, ಡ್ರಾಗನೈಟ್ ತೊಡೆ ತಟ್ಟುತ್ತಾ ನಿಂತಿತ್ತು.

ಗೇಮ್ ಬಾಯ್ ಬಡಪಾಯಿ ಯಂತ್ರ, ಅದರಲ್ಲಿ ಇಷ್ಟೇ ಸಾಧ್ಯ ಅಂತ ಸಮಾಧಾನ ಹೇಳೋರಿದ್ದಾರೆ. ಅದರಲ್ಲಿದ್ದ ಕೆಲಸದ ಮೆಮೊರಿ 8 ಕಿಲೋಬೈಟ್, ನಿಜ. ಮರುವರ್ಷವೇ, 1997ರಲ್ಲಿ, ಕಾಸ್ಪರೋವ್‌ರನ್ನು ಚೆಸ್‌ನಲ್ಲಿ ಸೋಲಿಸಿದ ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ತೂಗುತ್ತಿತ್ತು. ಅದನ್ನೂ ಇದನ್ನೂ ಹೋಲಿಸೋದು ಅನ್ಯಾಯ. ಚೆಸ್‌ನಲ್ಲಿ ಎಲ್ಲ ಕಣ್ಣೆದುರೇ ಇರುತ್ತೆ, ಒಬ್ಬರಾದ ಮೇಲೆ ಒಬ್ಬರು ನಡೆಸ್ತಾರೆ. ಪೊಕೆಮಾನ್‌ನಲ್ಲಿ ಎದುರಾಳಿಯ ಚೀಲದಲ್ಲಿ ಏನಿದೆಯೋ ಗೊತ್ತಿಲ್ಲ, ಏಟಿನ ಬಲದಲ್ಲೂ ದಾಳದ ಆಟ ಇದೆ. ಅಲ್ಲಿ ಹತ್ತು ನಡೆ ಮುಂದೆ ನೋಡು ಅಂತ ನಾನೂ ಕೇಳಲ್ಲ.

ಆದರೆ ಈ ಬಗ್‌ಗೂ ಮೆಮೊರಿಗೂ ಸಂಬಂಧವಿಲ್ಲ. ಮೊದಲ ನಿಯಮ ಅಂಕ ಕೂಡಿಸೋ ಮುಂಚೆ ‘ಈ ಪಟ್ಟಿನ ಬಲ ಸೊನ್ನೆಯಾ?’ ಅಂತ ನೋಡುತ್ತೆ. ಟೈಪ್ ನಿಯಮ ಅಂಕ ಕಳೆಯುವಾಗ ಅದೇ ಪ್ರಶ್ನೆ ಕೇಳೋದನ್ನು ಮರೀತು. ಒಂದೆರಡು ಸಾಲಿನ ಕೆಲಸ. 2002ರ ರೂಬಿ, ಸಫೈರ್ ಹೊತ್ತಿಗೆ ಅಂಕ 100ರಿಂದ ಶುರುವಾಗುತ್ತೆ, ಈ ಏಟಿಗೇ ಬೀಳುತ್ತಾ, ಈಗಾಗಲೇ ಪೂರ್ತಿ ಏರಿದ್ದನ್ನು ಮತ್ತೆ ಏರಿಸಬೇಕಾ ಅಂತೆಲ್ಲ ಕೇಳಿ ನೋಡುತ್ತೆ.

ನನಗೆ ತಮಾಷೆ ಅನಿಸೋದು ಇನ್ನೊಂದು ವಿಷಯ. ಇದೇ ಆಟದ ಶುರುವಿನಲ್ಲಿ ಚಡ್ಡಿ ಹಾಕ್ಕೊಂಡು ಎದುರಾಗೋ ಯಂಗ್‌ಸ್ಟರ್ ಹುಡುಗರಿಗೆ ಈ ಯಾವ ನಿಯಮವೂ ಇಲ್ಲ. ಅವರು ಕಣ್ಣು ಮುಚ್ಚಿ ಯಾವುದೋ ಒಂದು ಪಟ್ಟು ಆರಿಸ್ತಾರೆ. ದಡ್ಡರೇ, ಆದರೆ ಅವರ ಮುಂದಿನ ಏಟು ಯಾವುದು ಅಂತ ಯಾರೂ ಖಚಿತವಾಗಿ ಹೇಳೋಕಾಗಲ್ಲ. ಬುದ್ಧಿ ಕೊಟ್ಟಿದ್ದು ಲ್ಯಾನ್ಸ್‌ಗೆ. ಆ ಅರೆಬುದ್ಧಿಯೇ ಅವನನ್ನು ಖೆಡ್ಡಾಗೆ ಕೆಡವಿತು. ಅವನ ಡ್ರಾಗನೈಟ್ ಕೂಡ ಕಣ್ಣು ಮುಚ್ಚಿ ಆರಿಸಿದ್ದರೆ, ನಾಲ್ಕರಲ್ಲಿ ಎರಡು ಸಲವಾದರೂ ನನಗೆ ಹೊಡೀತಿತ್ತು.

ಎದುರಾಳಿ ಸೋಲಬಾರದು ಅಂತಲ್ಲ. ಊರಲ್ಲಿ ಜಗಲಿ ಕಲ್ಲಿನ ಮೇಲೆ ಅಜ್ಜನ ಜೊತೆ ಆಡು-ಹುಲಿ ಆಡುವಾಗ ಅಜ್ಜನ ಆಡುಗಳ ಮಧ್ಯೆ ಯಾವಾಗಲೂ ನನ್ನ ಹುಲಿಗೆ ಒಂದು ಸಂದು ಇರ್ತಿತ್ತು. ಅಜ್ಜ ಅದನ್ನು ಬೇಕಂತಲೇ ಬಿಡ್ತಿದ್ರು ಅಂತ ಗೊತ್ತಾಗೋಕೆ ನನಗೆ ವರ್ಷಗಳು ಬೇಕಾದವು. ಎಂಟು ವರ್ಷದ ಮಗು ಆಡೋ ಆಟದಲ್ಲಿ ಎದುರಾಳಿ ಹೀಗೆ ಸೋತರೆ ಚೆಂದ. ಲ್ಯಾನ್ಸ್‌ನದ್ದು ಆ ಸೋಲಲ್ಲ. ಅವನು ತನ್ನ ಪ್ರಕಾರ ಅತ್ಯುತ್ತಮ ಪಟ್ಟನ್ನೇ ಹಾಕ್ತಿದ್ದ.

ಇದನ್ನು ಇಷ್ಟು ಉದ್ದ ಬರೆಯೋಕೆ ಕಾರಣ ಇದೆ. ಒಂದು ಕಂಪನಿಯಲ್ಲಿದ್ದಾಗ ನಮ್ಮ ಟೀಮಿಗೆ ಬರ್ತಿದ್ದ ರೆಸ್ಯೂಮೆಗಳನ್ನು ಜರಡಿ ಹಿಡಿಯೋಕೆ ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಟೆಕ್ನಾಲಜಿ ಹೆಸರಿಗೆ ಇಷ್ಟು ಅಂಕ, ಪಟ್ಟಿಯಲ್ಲಿರೋ ಕಾಲೇಜಿಗೆ ಇಷ್ಟು ಅಂಕ. ಎಲ್ಲರೂ ಮೆಚ್ಚಿದ್ರು. ಒಂದಿನ ನಮ್ಮೂರ ಕಡೆಯ ಹುಡುಗನೊಬ್ಬ ಫೋನ್ ಮಾಡಿ, “ಅಣ್ಣಾ, ಅಪ್ಲೈ ಮಾಡಿ ತಿಂಗಳಾಯ್ತು, ನೋಡಿದ್ರಾ?” ಅಂದ. ಹುಡುಕಿದೆ. ಸ್ಕ್ರಿಪ್ಟ್ ಅವನನ್ನು ತಳಕ್ಕೆ ಹಾಕಿತ್ತು. ಊರಿನ ಹಾಲಿನ ಡೇರಿಯ ಲೆಕ್ಕಕ್ಕೆ ತಾನೊಬ್ಬನೇ ಬರೆದ ಪ್ರೋಗ್ರಾಮಿನ ಬಗ್ಗೆ ಅವನು ಸಾದಾ ಮಾತಿನಲ್ಲಿ ಅರ್ಧ ಪುಟ ಬರೆದಿದ್ದ. ಅದಕ್ಕೆ ಸೊನ್ನೆ ಅಂಕ. ಹನ್ನೆರಡು ಟೆಕ್ನಾಲಜಿ ಹೆಸರು ಸಾಲಾಗಿ ಬರೆದಿದ್ದವನೊಬ್ಬ ಮೊದಲನೇ ಸ್ಥಾನದಲ್ಲಿದ್ದ.

ಆ ರಾತ್ರಿ ನನ್ನದೇ ಹಳೇ ರೆಸ್ಯೂಮೆಯನ್ನು ಸ್ಕ್ರಿಪ್ಟಿಗೆ ಹಾಕಿ ನೋಡಿದೆ. ನಾನೂ ಪಾಸಾಗಲಿಲ್ಲ.

ಲ್ಯಾನ್ಸ್‌ನ ಬುದ್ಧಿ ಕಾರ್ಟ್ರಿಜ್‌ನಲ್ಲಿ ಸುಟ್ಟು ಕೂರಿಸಿದ್ದು, ಅದಕ್ಕೆ ಅಪ್‌ಡೇಟ್ ಇಲ್ಲ. ನನ್ನ ಸ್ಕ್ರಿಪ್ಟ್‌ಗೆ ಇತ್ತು. ಕಾಲೇಜಿನ ಪಟ್ಟಿ ತೆಗೆದೆ, ತಳಕ್ಕೆ ಬಿದ್ದವನ್ನು ಒಬ್ಬರು ಕೂತು ಓದಬೇಕು ಅಂತ ಮಾಡಿದೆ. ಹುಡುಗನಿಗೆ ವಾಪಸ್ ಫೋನ್ ಮಾಡಿದೆ. “ಪರವಾಗಿಲ್ಲ ಅಣ್ಣಾ, ಹೋದ ವಾರ ಬೇರೆ ಕಡೆ ಸೇರ್ಕೊಂಡೆ” ಅಂದ. ಅವನಿಗೆ ಏನಾಗಿತ್ತು ಅಂತ ನಾನು ಹೇಳಲಿಲ್ಲ. ಹೇಳಬೇಕಿತ್ತು.