ಅರ್ಜಿಯ ಭಾಷಾ ಕಾಲಂ: ನೀಲಗಿರಿಯ ಯುವ ಕಲಾವಿದರು ಮತ್ತು ಸಣ್ಣ ಧನಸಹಾಯಗಳ ಒಂದು ಓದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಚರ್ಚೆಯ ಒಂದು ಭಾಗವನ್ನೂ ಸೇರಿಸಿದೆ.)

 ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ.

ಕನ್ನಡ ಎಂ.ಎ. ಓದುವ ನಾವೆಲ್ಲ ಶಾಸನಗಳನ್ನು ಓದಲೇಬೇಕು. ಶಾಸನಗಳಲ್ಲಿ ಬಹಳಷ್ಟು ದತ್ತಿಯ ದಾಖಲೆಗಳು: ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು. ನಮ್ಮ ಮೇಷ್ಟ್ರುಗಳು ಅವುಗಳ ಒಂದೊಂದು ಪದವನ್ನೂ ಬಿಡಿಸಿ ಓದೋದನ್ನ ಕಲಿಸಿದ್ದಾರೆ. ಆದರೆ ನಮ್ಮ ಕಾಲದ ದತ್ತಿಯ ದಾಖಲೆಗಳನ್ನು, ಅಂದರೆ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ, ಸಣ್ಣ ಧನಸಹಾಯ, ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಅಂತ ಬರುವ ಪ್ರಕಟಣೆಗಳನ್ನು ಮತ್ತು ಅರ್ಜಿ ನಮೂನೆಗಳನ್ನು, ನಾವು ಕೊನೆಯ ದಿನಾಂಕ ನೋಡೋದಕ್ಕಷ್ಟೇ ಓದುತ್ತೇವೆ. ಇವತ್ತು ಅವನ್ನು ಪಠ್ಯಗಳಾಗಿ ಓದೋಣ ಎಂಬುದು ನನ್ನ ಪ್ರಯತ್ನ. ಓದುವ ಜಾಗ ನೀಲಗಿರಿ.

ನನ್ನ ವಾದ ಇಷ್ಟು. ಸಣ್ಣ ಧನಸಹಾಯದ ಅರ್ಜಿ, ಕಲಾವಿದರನ್ನು ಆರಿಸುವುದಕ್ಕಿಂತ ಮೊದಲೇ ಅವರ ಕಲೆಗೆ ಒಂದು ಹೆಸರು ಕೇಳುತ್ತದೆ. ಭಾಷೆ ಯಾವುದು, ಪ್ರಕಾರ ಯಾವುದು, ಗುರು ಯಾರು ಅಂತ. ಈ ಪ್ರಶ್ನೆಗಳಿಗೆ ಸಿದ್ಧ ಉತ್ತರ ಇದ್ದವರಿಗೆ ಅದು ಬರೀ ಕಾಲಂ. ಇಲ್ಲದವರಿಗೆ ಅಲ್ಲಿ ಬರೆಯುವ ಒಂದು ಪದವೇ ಮುಂದಿನ ಕೃತಿ ಏನಾಗಬೇಕು ಅನ್ನೋದನ್ನ ತೀರ್ಮಾನಿಸಿಬಿಡುತ್ತೆ.

1. ಜನಗಣತಿ ಒಪ್ಪಿದ್ದು, ಪಟ್ಟಿ ಒಪ್ಪದ್ದು

ನನ್ನ ಮನೆಮಾತು ಬಡಗ. ಶಾಲೆಯಲ್ಲಿ ಓದಿದ್ದು ತಮಿಳು, ಕನ್ನಡ ಲಿಪಿ ಕಲಿತಿದ್ದು ಪ್ಲಸ್ ಟೂ ಆದಮೇಲೆ. ಇದನ್ನು ಹೇಳೋದಕ್ಕೆ ಕಾರಣ, ‘ಭಾಷೆ’ ಎಂಬ ಕಾಲಂ ಎದುರು ನನ್ನಂಥವರ ಪೆನ್ನು ಯಾಕೆ ನಿಲ್ಲುತ್ತೆ ಅನ್ನೋದು ಗೊತ್ತಾಗಲಿ ಅಂತ.

2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿ ಎಂದು ಹೇಳಿಕೊಂಡವರು 1,33,550 ಮಂದಿ. ಜನಗಣತಿ ಅವರನ್ನು ಪ್ರತ್ಯೇಕ ಭಾಷೆಯವರಾಗಿ ಎಣಿಸುವುದಿಲ್ಲ. ಕನ್ನಡದ ಕೆಳಗೆ ಬರುವ ತಾಯ್ನುಡಿಗಳಲ್ಲಿ ಒಂದಾಗಿ ಸೇರಿಸುತ್ತದೆ. ಅಂದರೆ ಕನ್ನಡಿಗರ ಒಟ್ಟು ಸಂಖ್ಯೆಯಲ್ಲಿ ನಾವೂ ಇದ್ದೇವೆ. ಹಟ್ಟಿ, ಎಮ್ಮೆ, ಹಬ್ಬ, ಮನೆ ಅನ್ನುವ ನಮ್ಮ ಮಾತು ಕನ್ನಡದ ಕಿವಿಗೆ ಹೊಸದೇನಲ್ಲ. ‘ಬಡಗ’ ಅನ್ನೋ ಹೆಸರೇ ಬಡಗಣ ದಿಕ್ಕಿನಿಂದ, ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ಅನ್ನುವ ನೆನಪನ್ನು ಹೊತ್ತಿದೆ. ಹಾಗಿದ್ದೂ ಅದು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಭಾಷಾಶಾಸ್ತ್ರದಲ್ಲೂ ಸಮುದಾಯದಲ್ಲೂ ಇದೆ.

ಈಗ ಧನಸಹಾಯದ ಕಡೆ ಬರೋಣ. 2021ರಲ್ಲಿ ಶುರುವಾದ ಪಿಎಂ-ಯುವ ಯೋಜನೆ 30 ವರ್ಷದೊಳಗಿನ 75 ಬರಹಗಾರರಿಗೆ ತಿಂಗಳಿಗೆ 50,000 ರೂಪಾಯಿಯಂತೆ 6 ತಿಂಗಳು ಕೊಟ್ಟಿತು. ಭಾಷೆಗಳು ಯಾವುವು? ಎಂಟನೇ ಪರಿಚ್ಛೇದದ 22, ಜೊತೆಗೆ ಇಂಗ್ಲಿಷ್. ಸಾಹಿತ್ಯ ಅಕಾಡೆಮಿ 2011ರಿಂದ ಕೊಡುತ್ತಿರುವ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ, ಅಕಾಡೆಮಿ ಮಾನ್ಯ ಮಾಡಿದ 24 ಭಾಷೆಗಳಲ್ಲಿ. ಈ ಎರಡೂ ಪಟ್ಟಿಯಲ್ಲಿ ಬಡಗ ಇಲ್ಲ. ಕೋತ, ತೊದ, ಪಣಿಯ, ಬೆಟ್ಟಕುರುಂಬ ಯಾವುದೂ ಇಲ್ಲ. ಕೋಟಗಿರಿ ಕಡೆಯ ಒಬ್ಬ ಹುಡುಗಿ ಬಡಗದಲ್ಲಿ ಕಥೆ ಬರೆದರೆ ಅವಳು ಎಣಿಕೆಯಲ್ಲಿ ಕನ್ನಡತಿ, ಅರ್ಜಿಯಲ್ಲಿ ಯಾರೂ ಅಲ್ಲ. ಅವಳಿಗೆ ಉಳಿಯೋದು ಎರಡೇ ದಾರಿ: ತಮಿಳಿನಲ್ಲಿ ಬರೆಯೋದು, ಇಲ್ಲಾಂದ್ರೆ ಶಾಲೆಯಲ್ಲಿ ಕಲಿಯದ ಕನ್ನಡದಲ್ಲಿ ಬರೆಯೋದು. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಅವಳ ಅಜ್ಜಿ ಹೇಳಿದ ಕಥೆಯ ವಾಕ್ಯ ಹಾಗೇ ಉಳಿಯಲ್ಲ.

2. ‘ಗುರು’ ಎಂಬ ಕಾಲಂ

ಬರಹ ಬಿಟ್ಟು ಪ್ರದರ್ಶನ ಕಲೆಗೆ ಹೋದರೆ ಸ್ಥಿತಿ ಬೇರೆ ರೀತಿಯದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಸಿಸಿಆರ್‌ಟಿ ನಡೆಸುವ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ. ತಿಂಗಳಿಗೆ 5,000 ರೂಪಾಯಿ, 2 ವರ್ಷ. ಒಟ್ಟು 1,20,000. ದೊಡ್ಡ ಮೊತ್ತವಲ್ಲ, ಆದರೆ ಮಸಿನಗುಡಿಯ ಒಂದು ಮನೆಗೆ ಚಿಕ್ಕದೂ ಅಲ್ಲ. ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿ, ದೃಶ್ಯಕಲೆಗಳ ಜೊತೆಗೆ ಜಾನಪದ, ಸಾಂಪ್ರದಾಯಿಕ, ಮೂಲನಿವಾಸಿ ಕಲೆಗಳಿಗೂ ಇಲ್ಲಿ ಜಾಗ ಇದೆ. ಇಲ್ಲಿ ಭಾಷೆ ಅಡ್ಡಿಯಲ್ಲ. ಯೋಜನೆಯ ಉದ್ದೇಶವನ್ನು ನಾನು ಗೌರವಿಸ್ತೀನಿ.

ಆದರೆ ಷರತ್ತು ನೋಡಿ: ಗುರು ಅಥವಾ ಸಂಸ್ಥೆಯ ಬಳಿ ಕನಿಷ್ಠ 5 ವರ್ಷ ಕಲಿತಿರಬೇಕು, ಅದಕ್ಕೆ ಪ್ರಮಾಣಪತ್ರ ಬೇಕು. ಭರತನಾಟ್ಯದ ವಿದ್ಯಾರ್ಥಿಗೆ ಇದು ಸಹಜ. ಕೋತ ಹುಡುಗನಿಗೆ? ನೀಲಗಿರಿಯಲ್ಲಿ ಕೋತರ ಊದುವಾದ್ಯ, ಚರ್ಮವಾದ್ಯಗಳು ಒಂದು ಕಾಲಕ್ಕೆ ಕೋತರಿಗೆ ಮಾತ್ರ ಸೇರಿದ್ದಲ್ಲ. ತೊದರ ಮತ್ತು ಬಡಗರ ಸಾವಿನ ಮನೆಗಳಲ್ಲೂ ನುಡಿಯುತ್ತಿದ್ದವು. ಅಂಥ ಕಡೆ ಕಲಿಕೆ ನಡೆಯೋದು ದೇವರ ಹಬ್ಬದಲ್ಲಿ, ಸಾವಿನ ಮನೆಯಲ್ಲಿ, ದೊಡ್ಡವರ ಪಕ್ಕ ನಿಂತು. ಅಲ್ಲಿ ಮಾವ ಇರ್ತಾನೆ, ಅಜ್ಜ ಇರ್ತಾನೆ, ಸಹಿ ಹಾಕೋ ‘ಗುರು’ ಇರಲ್ಲ. ಅರ್ಜಿ ತುಂಬಬೇಕಾದರೆ ಅಜ್ಜನನ್ನೇ ಗುರು ಅಂತ ಬರೆಯಬೇಕು. ಬರೆದರೆ ತಪ್ಪೇನು ಅಂತ ಕೇಳಬಹುದು. ತಪ್ಪಿಲ್ಲ. ಆದರೆ ಹಾಗೆ ಬರೆದ ಕ್ಷಣ ಊರಿನ ಕಲೆ ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿಗೆ ಬಂದ ವಿದ್ಯೆ ಆಗುತ್ತದೆ. ಸಾವಿನ ಮನೆಯ ವಾದ್ಯ ತಜ್ಞರ ಸಮಿತಿಯ ಎದುರು ಕೆಲವು ನಿಮಿಷಗಳ ಪ್ರದರ್ಶನ ಆಗುತ್ತದೆ.

ಇನ್ನೊಂದು ತೊಡಕು ವರ್ಗದ್ದು. ತಮಿಳುನಾಡಿನಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿದ ಆರೂ ಸಮುದಾಯಗಳು, ಅಂದರೆ ತೊದ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕರು, ನೀಲಗಿರಿಯಲ್ಲಿದ್ದಾರೆ. ಬಡಗರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಶತಮಾನಗಳಿಂದ ಪರಸ್ಪರ ಕೊಡುಕೊಳೆಯಲ್ಲಿ ಬೆಳೆದ ಕಲೆಯನ್ನು ಮುಂದುವರಿಸಲು ಇಬ್ಬರು ಗೆಳೆಯರು ಒಟ್ಟಿಗೆ ಹೊರಟರೆ, ಎಷ್ಟೋ ಯೋಜನೆಗಳಲ್ಲಿ ಅವರು ಬೇರೆ ಬೇರೆ ಅರ್ಜಿ ತುಂಬಬೇಕಾಗುತ್ತದೆ.

3. ಕೇತಿಯ ಹಣ, ಮಂಗಳೂರಿನ ಅಚ್ಚು

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಕನ್ನಡಕ್ಕೂ ನೀಲಗಿರಿಗೂ ಇರುವ ಧನಸಹಾಯದ ಸಂಬಂಧ ಒಂದು ಕಾಲಕ್ಕೆ ತಿರುವುಮುರುವಾಗಿತ್ತು.

ಉದಕಮಂಡಲದ ಹತ್ತಿರದ ಕೇತಿಯಲ್ಲಿ ಕಸಮೇಜರ್ ಎಂಬ ನಿವೃತ್ತ ಅಧಿಕಾರಿ ಇದ್ದರು. ಮದರಾಸಿನಲ್ಲಿ ನ್ಯಾಯಾಧೀಶರಾಗಿದ್ದವರು. ಕನ್ನಡ ಕಲಿತರು, ಬಡಗ ಮಕ್ಕಳಿಗೆ ಶಾಲೆ ತೆರೆದರು. 1846ರಲ್ಲಿ ಬಾಸೆಲ್ ಮಿಷನ್ ಕೇತಿಗೆ ಬಂತು. 1849ರಲ್ಲಿ ತೀರಿಕೊಂಡಾಗ ಅವರು ಆಸ್ತಿಯ ದೊಡ್ಡ ಪಾಲನ್ನು ಮಿಷನ್‌ಗೆ ಬಿಟ್ಟುಹೋದರು. ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗ್ ನಮಗೆಲ್ಲ ಗೊತ್ತು. ಅವರು 1848ರಿಂದ ಮುಂದೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳಂಥ ಕೃತಿಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದಾಗ ಹಣದ ನೆರವು ಕೊಟ್ಟದ್ದು ಇದೇ ಕಸಮೇಜರ್. ಅಂದರೆ ಕನ್ನಡದ ಹಳೆಯ ಕಾವ್ಯ ತಾಳೆಗರಿಯಿಂದ ಕಲ್ಲಚ್ಚಿಗೆ ಬಂದದ್ದರ ಹಿಂದೆ ನೀಲಗಿರಿಯ ಒಂದು ಮನೆಯ ದುಡ್ಡಿದೆ.

ಇದನ್ನು ಚಂದದ ಕಥೆ ಮಾಡೋದು ಬೇಡ. ಅದು ವಸಾಹತು ಆಡಳಿತದ ಸಂಬಳದಿಂದ ಬಂದ ಹಣ, ಮಿಷನ್‌ಗೆ ಮತಪ್ರಚಾರದ ಉದ್ದೇಶ ಇತ್ತು. ಆದರೂ ಒಂದು ವಿಷಯ ಗಮನಿಸಬೇಕು. ಆ ಹಣ ಹೋದದ್ದು ಪ್ರತಿ ಮಾಡಿಸೋದಕ್ಕೆ. ಹತ್ತನೇ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1,000 ಪ್ರತಿ ಮಾಡಿಸಿ ಹಂಚಿದಳು ಅಂತ ಓದ್ತೀವಲ್ಲ, ಆ ಜಾತಿಯ ದತ್ತಿ ಇದು. 1890ರಲ್ಲಿ ಬಾಸೆಲ್ ಮಿಷನ್ ಲೂಕನ ಸುವಾರ್ತೆಯನ್ನು ಬಡಗದಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿತು. ಬಡಗ ಭಾಷೆಯೋ ಉಪಭಾಷೆಯೋ ಎಂಬುದು ಇತ್ಯರ್ಥ ಆಗಲಿ ಅಂತ ಅವರು ಕಾಯಲಿಲ್ಲ. ಪುಸ್ತಕ ಬಂತು, ಚರ್ಚೆ ಆಮೇಲೂ ನಡೆಯಿತು.

4. ಈಗಿರುವ ಒಳ್ಳೆಯ ಮಾದರಿಗಳು

ಕನ್ನಡದಲ್ಲಿ ಎಳೆಯರ ಮೊದಲ ಕೃತಿಗೆ ಕೈ ಕೊಡುವ ಪರಂಪರೆ ಗಟ್ಟಿಯಾಗಿಯೇ ಇದೆ. ಚಿ. ಶ್ರೀನಿವಾಸರಾಜು ಅವರು ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಿಂದ ಬೇಂದ್ರೆ ಹೆಸರಿನ ಅಂತರಕಾಲೇಜು ಕವನ ಸ್ಪರ್ಧೆ ನಡೆಸಿ, ವಿದ್ಯಾರ್ಥಿಗಳ ಕವಿತೆಗಳನ್ನು ಪುಸ್ತಕ ಮಾಡಿದರು. ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನ, ವಸುಧೇಂದ್ರ ಅವರ ಛಂದ ಪುಸ್ತಕ ಬಹುಮಾನ, ಇಂಗ್ಲಿಷ್ ಜೊತೆಗೆ ಕನ್ನಡದ ಯುವ ಬರಹಗಾರರಿಗೂ ಪುರಸ್ಕಾರ ಕೊಡುವ ಬೆಂಗಳೂರಿನ ಟೋಟೋ ಫಂಡ್ಸ್ ದಿ ಆರ್ಟ್ಸ್ ಇವೆ. ಛಂದ ಪುಸ್ತಕದ ಕ್ರಮ ನನಗೆ ಮುಖ್ಯ ಅನ್ನಿಸುತ್ತೆ: ಹಸ್ತಪ್ರತಿ ಆಯ್ಕೆಯಾದರೆ ಹಣದ ಜೊತೆಗೆ ಪುಸ್ತಕವೂ ಬರುತ್ತದೆ. ಅಲ್ಲಿ ಬಹುಮಾನ ಅಂದರೆ ಪ್ರತಿಯೂ ಹೌದು.

1995ರಿಂದ ಅನುದಾನ ಕೊಡುತ್ತಿರುವ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ ಕಲಾ ಸಂಶೋಧನೆಯ ವಿಭಾಗದಲ್ಲಿ ಭಾರತೀಯ ಭಾಷೆಗಳಲ್ಲೂ ಅರ್ಜಿ ಸ್ವೀಕರಿಸುತ್ತದೆ. ಇಂಗ್ಲಿಷ್‌ನಲ್ಲಿ ‘ಪ್ರಾಜೆಕ್ಟ್’ ಬರೆಯಲು ಬಾರದವರಿಗೆ ಇದು ಎಷ್ಟು ದೊಡ್ಡ ಬಾಗಿಲು ಅಂತ ಗೂಡಲೂರಿನವರನ್ನು ಕೇಳಿ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡಿನ ಗಡಿಯ ಕನ್ನಡಕ್ಕೂ ನೆರವಾಗುತ್ತದೆ. ಆದರೆ ಆ ನೆರವು ಮುಖ್ಯವಾಗಿ ಶಾಲೆ, ಕಟ್ಟಡ, ಸಂಘದ ಕಾರ್ಯಕ್ರಮಗಳ ದಾರಿಯಲ್ಲಿ ಬರುತ್ತದೆ. ಸಂಘ ಕಟ್ಟಿಕೊಂಡವರಿಗೆ ಅದು ಸಿಗುತ್ತೆ. ಒಬ್ಬಳೇ ಕೂತು ಅಜ್ಜಿಯ ಹಾಡನ್ನು ಮೊಬೈಲಿನಲ್ಲಿ ಹಿಡಿಯುತ್ತಿರುವವಳಿಗೆ ಅದು ತಲುಪೋದು ಕಷ್ಟ.

ನನಗೆ ಅತಿ ಹತ್ತಿರದ ಮಾದರಿ ಅರೆಭಾಷೆಯದು. ಅದು ಕನ್ನಡದ ಬಗೆಯೋ ಬೇರೆ ಭಾಷೆಯೋ ಎಂಬ ಪ್ರಶ್ನೆ ಮುಗಿಯುವವರೆಗೆ ಕರ್ನಾಟಕ ಸರ್ಕಾರ ಕಾಯಲಿಲ್ಲ. ಅರೆಭಾಷೆಗೆ ಒಂದು ಅಕಾಡೆಮಿಯನ್ನೇ ಕೊಟ್ಟಿತು. ಎಂಟನೇ ಪರಿಚ್ಛೇದದಲ್ಲಿಲ್ಲದ ತುಳುವಿಗೆ, ಕೊಡವಕ್ಕೆ ಅಕಾಡೆಮಿಗಳಿವೆ. ಬಡಗಕ್ಕೆ ಅಂಥದ್ದು ಇಲ್ಲದಿರೋದಕ್ಕೆ ಒಂದು ಕಾರಣ ಭಾಷಾಶಾಸ್ತ್ರದ್ದಲ್ಲ, ನಕ್ಷೆಯದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಬೆಟ್ಟ ಗೆರೆಯ ಆಚೆ ಉಳಿಯಿತು.

5. ಏನು ಬದಲಾಗಬಹುದು

ಹೊಸ ಅಕಾಡೆಮಿ ಬೇಕು ಅಂತ ನಾನು ಇಲ್ಲಿ ಕೇಳ್ತಿಲ್ಲ. ಅರ್ಜಿ ನಮೂನೆಯಲ್ಲಿ ಮೂರು ತಿದ್ದುಪಡಿ ಸಾಕು.

ಒಂದು, ‘ಭಾಷೆ’ ಎಂಬಲ್ಲಿ ಪಟ್ಟಿಯಿಂದ ಆರಿಸಿ ಅನ್ನುವ ಬದಲು ‘ನಿಮ್ಮ ಕೃತಿಯ ಮಾತು ಯಾವುದು, ಯಾವ ಲಿಪಿಯಲ್ಲಿ ಬರೆಯುತ್ತೀರಿ’ ಅಂತ ಕೇಳಲಿ. ನಮ್ಮ ಹುಡುಗರು ಬಡಗವನ್ನು ತಮಿಳು ಲಿಪಿಯಲ್ಲೂ ರೋಮನ್ ಅಕ್ಷರದಲ್ಲೂ ಬರೀತಾರೆ. ಎರಡು, ಗುರುವಿನ ಪ್ರಮಾಣಪತ್ರಕ್ಕೆ ಬದಲಾಗಿ ಊರಿನ ಹಿರಿಯರ ಮಾತಿನ ಧ್ವನಿಮುದ್ರಣವನ್ನು ಒಪ್ಪಲಿ. ಮೂರು, ಹಣದ ಒಂದು ಪಾಲನ್ನು ಪ್ರತಿಗೆ ಅಂತ ಮೀಸಲಿಡಲಿ: ಧ್ವನಿಮುದ್ರಣ, ಲಿಪ್ಯಂತರ, ಅಚ್ಚು. ಕಲಾವಿದ ‘ಹೊರಹೊಮ್ಮುತ್ತಾನೋ’ ಇಲ್ಲವೋ, ಪ್ರತಿ ಉಳಿಯುತ್ತದೆ. ಮುಂದಿನವರು ಅದರಿಂದ ಶುರು ಮಾಡಬಹುದು.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ. ಪಟ್ಟಿ ತೆಗೆದುಹಾಕಿದರೆ ಮೌಲ್ಯಮಾಪನ ಮಾಡೋರು ಯಾರು? ಸಮಿತಿಗೆ ಬಡಗ ಬರಬೇಕಲ್ಲ? ಕನ್ನಡದ ಸಮಿತಿಗಳು ಕುಂದಾಪುರದ ಕನ್ನಡದಲ್ಲಿ, ಹವ್ಯಕದಲ್ಲಿ ಬಂದ ಕೃತಿಗಳನ್ನು ಓದಿಯೇ ಓದುತ್ತವೆ. ಬಡಗವನ್ನೂ ಗಟ್ಟಿಯಾಗಿ ಓದಿಸಿಕೊಂಡು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಒಳಗಿಳಿಯುತ್ತದೆ. ಉಳಿದದ್ದಕ್ಕೆ 1992ರಲ್ಲಿ ಪ್ರಕಟವಾದ ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ತಿಯಾನ್ ಪಿಲೋ-ರೈಚೂರ್ ಅವರ ಬಡಗ ನಿಘಂಟು ಇದೆ. ಕೋತ, ತೊದ ಭಾಷೆಗಳಿಗೆ ಈ ಉತ್ತರ ಸಾಲದು, ಅಲ್ಲಿ ಸಮುದಾಯದವರೇ ಸಮಿತಿಯಲ್ಲಿರಬೇಕು.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ. 

ಚರ್ಚೆಯಿಂದ

ಒಬ್ಬ ಅಧ್ಯಾಪಕರ ಪ್ರಶ್ನೆ: ಚೆನ್ನಾಗಿದೆಯಮ್ಮ. ಆದರೆ ನೀನು ಒಂದು ಕಡೆ ಬಡಗಕ್ಕೆ ಕನ್ನಡದ ಹಣ ಕೇಳ್ತೀಯ, ಇನ್ನೊಂದು ಕಡೆ ಅದನ್ನ ಕನ್ನಡ ಅಂತ ಕರೆಯೋಕೆ ಹಿಂಜರೀತೀಯ. ನಿಮ್ಮವರಲ್ಲೇ ಎಷ್ಟೋ ಜನ ಬಡಗ ಕನ್ನಡ ಅಲ್ಲ ಅಂತಾರೆ. ಎರಡೂ ಹೇಗೆ ಸಾಧ್ಯ?

ಉತ್ತರ: ಸರ್, ಅದೇ ನನ್ನ ಪ್ರಶ್ನೆಯೂ ಹೌದು. ಬಡಗ ಕನ್ನಡವೋ ಅಲ್ಲವೋ ಅನ್ನೋದನ್ನ ವಿದ್ವಾಂಸರು, ಸಮುದಾಯದ ಹಿರಿಯರು ನೂರು ವರ್ಷದಿಂದ ಮಾತಾಡ್ತಿದ್ದಾರೆ, ಇನ್ನೂ ಮಾತಾಡಲಿ. ಆದರೆ ಈಗ ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೊರೆ ಬಿದ್ದಿರೋದು 22 ವರ್ಷದ ಅರ್ಜಿದಾರಳ ಮೇಲೆ, ಕೊನೆಯ ದಿನಾಂಕದೊಳಗೆ. ಜನಗಣತಿಗೆ ನಾವು ಕನ್ನಡದವರಾಗಿ ಸಾಕು ಅಂತಾದರೆ, ಹಾಡಿಗೆ ಖರ್ಚು ಮಾಡೋವಾಗಲೂ ಅಷ್ಟೇ ಸಾಕಾಗಬೇಕು. ಆಮೇಲೆ ಆ ಪುಸ್ತಕವನ್ನು ಯಾವ ಕಪಾಟಿನಲ್ಲಿ ಇಡಬೇಕು ಅಂತ ನಾವೆಲ್ಲ ಕೂತು ಜಗಳ ಆಡಬಹುದು. ಜಗಳಕ್ಕಾದರೂ ಒಂದು ಪುಸ್ತಕ ಬೇಕಲ್ಲ, ಸರ್.